ಅರ್ಧ ಟ್ರಕ್ಕು

ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿದ ದಿನ
ಮನೆ ಅವನಿಗೆ, ಟೈರಂಗಡಿ ನನಗೆ,
ಫ್ರಿಜ್ಜು ನನಗೆ, ನಾಯಿ ಅದರಿಷ್ಟ.
ಟ್ರಕ್ಕೊಂದೇ ಪಾಲಾಗದೆ ಉಳಿಯಿತು:
ಎಂಬತ್ತೊಂಬತ್ತರ ಮಾಡೆಲ್ಲು,
ಬಾಗಿಲಿಗೊಂದು ಬಣ್ಣ, ಬಾನೆಟ್ಟಿಗೊಂದು,
ಕೊಳ್ಳುವವರಿಲ್ಲ, ಕೊಡುವ ಮನಸ್ಸೂ ಇಲ್ಲ.
ಹಾಗಾಗಿ ವರ್ಷಕ್ಕೊಂದು ಶನಿವಾರ
ಬಾಹಾದ ಈ ಬಿರುಬಿಸಿಲಲ್ಲಿ
ನಾನೂ ನಿಕಾನೋರನೂ
ಒಂದೇ ಕಬ್ಬಿಣದ ಪಂಜರದಲ್ಲಿ ಬೆಲ್ಟು ಬಿಗಿದು ಕೂರುತ್ತೇವೆ.

ಶುಕ್ರವಾರ ಸಂಜೆ ತಪಾಸಣೆ.
ಟಾರ್ಚಿನ ಹುಡುಗ ಬೆಸುಗೆಯ ಗಂಟುಗಳನ್ನು ಬೆರಳಲ್ಲಿ ಸವರಿದ,
ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ಓದಿ
ತಲೆ ಅಲ್ಲಾಡಿಸಿದ.
ಮೀನಿನ ಟಾಕೊ ಮಾರುವ ಎಲೋದಿಯಾ
ತನ್ನ ಗಾಡಿಯದನ್ನೇ ಕಳಚಿ ಕೊಟ್ಟಳು:
‘ನಾಳೆ ರಾತ್ರಿಯೊಳಗೆ ತಂದುಕೊಡಿ,
ನನ್ನ ಬಾಣಲೆಗೆ ಬೇರೆ ಗತಿಯಿಲ್ಲ.’

ಅವನು ಓಡಿಸುತ್ತಾನೆ, ನಾನು ದಾರಿ ಓದುತ್ತೇನೆ.
ಎತ್ತು ಏರಿಗೆ, ಕೋಣ ನೀರಿಗೆ ಎಂದು
ಹದಿನೇಳು ವರ್ಷ ಓಣಿಯೆಲ್ಲ ನಕ್ಕ ಜೋಡಿ.
ಹೆಲ್ಮೆಟ್ಟಿನ ತಂತಿಯಲ್ಲಿ ಮಾತ್ರ
ನಾನು ಎಡ ಎಂದರೆ
ಅವನಿಗೂ ಎಡವೇ.

ಬಾವುಟ ಬಿತ್ತು.
ಬಲ, ಮೆಲ್ಲಗೆ. ಮುಂದೆ ಒಣಹಳ್ಳ.
ಎಡ, ಇನ್ನೂ ಎಡ. ಬಂಡೆ. ಬಂಡೆ!
ಇನ್ನೂರು ಮೀಟರು ನೇರ, ಬಿಡು.
ಬಿಟ್ಟ.
ಉಬ್ಬು ತಗ್ಗು ಉಬ್ಬು ತಗ್ಗು ಉಬ್ಬು
ಬೆಳಗ್ಗೆ ತಿಂದ ಹುರುಳಿ ಗಂಟಲಿಗೆ ಬಂದು ಇಣುಕಿ ಹೋಯಿತು.
ಮುಂದಿನ ಗಾಡಿಯ ಧೂಳು ಗೋಡೆಯಾಗಿ ನಿಂತಿತು.
ಸೋತವರು ಮಣ್ಣು ಮುಕ್ಕುತ್ತಾರಂತೆ;
ನಾವು ಸೋಲುವ ಮೊದಲೇ ಮುಕ್ಕಿದೆವು,
ಹಲ್ಲಿನ ಸಂದಿಯಲ್ಲಿ ಕರಕರ.
ನನ್ನ ಕಿವಿಯೊಳಗೆ ಅವನ ಉಸಿರು.
ಒಂದೇ ದಿಂಬಿನ ಕಾಲದಲ್ಲೂ
ಇಷ್ಟು ಹತ್ತಿರದಿಂದ ಕೇಳಿರಲಿಲ್ಲ.

ನೂರಾ ಹನ್ನೆರಡನೆಯ ಕಿಲೋಮೀಟರಿನಲ್ಲಿ
ಎರಡು ಹಾಳೆ ಒಟ್ಟಿಗೆ ಮಗುಚಿದೆ.
ಎಡ ಎಂದೆ.
ಬಲ ಎನ್ನಬೇಕಿತ್ತು.
ಒಂದಿಷ್ಟೂ ಅನುಮಾನಿಸದೆ ತಿರುಗಿಸಿದ,
ಅದೇ ಇವತ್ತಿಗೂ ಚುಚ್ಚುತ್ತದೆ.
ಟ್ರಕ್ಕು ಮೂತಿಯೂರಿ ಮರಳಲ್ಲಿ ಕೂತಿತು.
ಎಲ್ಲೋ ಕೆಳಗೆ ಸ್ಪ್ರಿಂಗಿನ ಪಟ್ಟಿ ಟಣ್ಣೆಂದಿತು.

ಬೈಯುತ್ತಾನೆಂದು ಕಾದೆ.
ಅವನ ಬೈಗುಳ ನನಗೆ ಬಾಯಿಪಾಠ,
ಯಾವುದರ ಹಿಂದೆ ಯಾವುದು ಬರುತ್ತದೆಂಬುದೂ.
ಅವನು ಸಲಿಕೆ ತೆಗೆದ.
‘ನಿನ್ನ ಕಡೆ ನೀನು ತೋಡು, ನನ್ನ ಕಡೆ ನಾನು.’
ಕಳ್ಳಿಯ ನೆರಳು ನಾಲ್ಕು ಗೇಣು ಸರಿಯುವವರೆಗೆ ತೋಡಿದೆವು,
ಮುರಿದ ಪಟ್ಟಿಗೆ ಸಾಮಾನು ಕಟ್ಟುವ ಬೆಲ್ಟು ಸುತ್ತಿ
ಇಕ್ಕಳದಿಂದ ತಿರುವಿ ತಿರುವಿ ಬಿಗಿದೆವು.
ಎಲ್ಲಿಂದಲೋ ಕತ್ತೆಯ ಮೇಲೊಬ್ಬ ಹುಡುಗ ಬಂದ.
‘ಇದಕ್ಕೆ ಬಹುಮಾನ ಎಷ್ಟು?’
‘ಗೆದ್ದರೆ ಎರಡು ಡಬ್ಬಿ ಗ್ರೀಸು, ಒಂದು ಟೋಪಿ.’
ಹುಡುಗ ಕತ್ತೆಯನ್ನು ನೋಡಿದ.
ಕತ್ತೆ ನಮ್ಮನ್ನು ನೋಡಿತು.

ಗಡುವು ಮೀರಿ ಹನ್ನೊಂದು ನಿಮಿಷಕ್ಕೆ ತಲುಪಿದೆವು.
ಬಾವುಟದವನು ಬಾವುಟ ಸುತ್ತಿ ಕಂಕುಳಲ್ಲಿಟ್ಟು
ಹೆಂಡತಿಯ ಜೊತೆ ಕಲ್ಲಂಗಡಿ ತಿನ್ನುತ್ತಿದ್ದ.
ಕೈ ಒರೆಸಿಕೊಂಡು ಎದ್ದ,
ಬಿಡಿಸಿದ,
ಯಾಕೋ ನಮಗೂ ಒಂದು ಸಲ ಬೀಸಿದ.
ಭಾನುವಾರದ ಪಟ್ಟಿಯಲ್ಲಿ
ನಮ್ಮ ಹೆಸರಿನ ಮುಂದೆ ಒಂದು ಗೀಟು.

ಅದಕ್ಕೂ ಮುಂಚೆ, ಆ ರಾತ್ರಿಯೇ
ಸಿಲಿಂಡರು ಹಿಂತಿರುಗಿಸಲು ಹೋದೆವು.
ಎಲೋದಿಯಾ ಮುದ್ರೆ ತಡವಿ ಕೇಳಿದಳು:
‘ಏನೂ ಹೊತ್ತಿಕೊಳ್ಳಲಿಲ್ಲವೆ?’
‘ಇಲ್ಲ’ ಎಂದ ನಿಕಾನೋರ್.
ನಾನು ಸಾಲ್ಸಾದ ಬಟ್ಟಲು ನೋಡುತ್ತ ನಿಂತೆ.

ಸೋಮವಾರ ಕಿವಿಯಿಂದ ಇನ್ನೂ ಮರಳು ಉದುರುತ್ತಿತ್ತು.
ಅಂಗಡಿ ತೆಗೆದು ಅವನ ಹೆಸರಿಗೆ ಬಿಲ್ಲು ಬರೆದೆ:
ಟೈರು ಒಂದು, ಕೂಲಿ, ಇಕ್ಕಳ ಕಳೆದದ್ದಕ್ಕೆ ನಲವತ್ತು.
ಆಮೇಲೆ ಸರಿಯಾಗಿ ಅರ್ಧ ಕಳೆದೆ.
ಇಕ್ಕಳದ್ದು ಬಿಡಲಿಲ್ಲ.